ಬಾಲದ ಎಂಜಿನ್

ಮೂರನೇ ಸಲವೂ ಅದು ಹಾಗೇ ಮಾಡಿತು. ವಿಮಾನದ ಬಾಲದ ಕಡೆಯಿಂದ ಸಣ್ಣಗೆ ಹೊರಟ ಕೂಗು ಏರುತ್ತ ಏರುತ್ತ ಬಂದು, ಇನ್ನೇನು ನೆಲೆ ನಿಂತಿತು ಅನ್ನುವಷ್ಟರಲ್ಲಿ ಗಂಟಲು ಕಟ್ಟಿದಂತಾಗಿ ಇಳಿದುಹೋಯಿತು. ಕೊನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದ ಗಿರಣಿಯಮ್ಮ ಕಣ್ಣು ಮುಚ್ಚಿಕೊಂಡು, ಆ ಸದ್ದು ಪೂರ್ತಿ ಆರುವವರೆಗೂ ಕೇಳಿಸಿಕೊಂಡರು.

"ಇದು ಹೋಗೋ ವಿಮಾನ ಅಲ್ಲ ಬಿಡಿ," ಎಂದರು ಪಕ್ಕದ ಸೀಟಿನ ದಪ್ಪ ಮೀಸೆಯವರು, ಸುರಕ್ಷತೆಯ ಸೂಚನೆ ಬರೆದ ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತ. "ಮುಕ್ಕಾಲು ಗಂಟೆ ಆಯ್ತು. ಲೈಟು ಉರೀತಿದೆ, ಗಾಳಿ ಮಾತ್ರ ಇಲ್ಲ. ಯಾರೋ ಕೆಲಸ ಬರದವರ ಕೈಗೆ ಕೊಟ್ಟಿದ್ದಾರೆ."

ಆ ಕೆಲಸ ಬರದವರು ಯಾರು ಅನ್ನುವುದು ಗಿರಣಿಯಮ್ಮನಿಗೆ ಗೊತ್ತಿತ್ತು. ಕಿಟಕಿಗೆ ಹಣೆ ಒತ್ತಿ ಹಿಂದಕ್ಕೆ ನೋಡಿದರೆ ಎತ್ತರದ ಅಟ್ಟಣಿಗೆಯ ಏಣಿ, ಅದರ ಮೆಟ್ಟಿಲ ಮೇಲೆ ಒಂದು ಜೊತೆ ಹಳದಿ ಬೂಟು ಕಾಣುತ್ತಿದ್ದವು. ಬೆಳಗ್ಗೆ ಮನೆ ಬಾಗಿಲಲ್ಲಿ ಕೂತು ಆ ಬೂಟಿನ ದಾರ ಕಟ್ಟಿಕೊಂಡು ಹೊರಟವಳು ಅವರ ಸೊಸೆ. "ಮಧ್ಯಾಹ್ನ ನಿಮ್ಮ ವಿಮಾನ ನಮ್ಮ ಕೈಗೇ ಬರುತ್ತೆ ಅತ್ತೆ," ಎಂದು ನಕ್ಕಿದ್ದಳು. ಒಂಬತ್ತು ವರ್ಷದಿಂದ ಮುಖ ನೋಡದ ಅಕ್ಕನ ಮನೆಗೆ ಹೊರಟಿದ್ದ ಗಿರಣಿಯಮ್ಮನಿಗೆ ಇದು ಮೊದಲ ವಿಮಾನ.

ಗಂಡ ತೀರಿಕೊಂಡ ಮೇಲೆ ಮೂವತ್ತೊಂದು ವರ್ಷ ಹಿಟ್ಟಿನ ಗಿರಣಿಯನ್ನು ಒಬ್ಬರೇ ನಡೆಸಿದ ಹೆಂಗಸು ಅವರು. ಆಳೆತ್ತರದ ಡೀಸೆಲ್ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುಗಿಸುವಾಗ ಗಂಡಸರೂ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ಎಂಜಿನ್ನಿನ ಸದ್ದು ಒಂದು ಎಳೆ ಬದಲಾದರೂ ನಿದ್ದೆಯಿಂದ ಏಳುತ್ತಿದ್ದರು. ಸೊಸೆ ಮನೆಗೆ ಬಂದ ಹೊಸದರಲ್ಲಿ ಗಿರಣಿ ಒಮ್ಮೆ ಕೆಟ್ಟು ನಿಂತಿತು. ವಿಮಾನದ ಮೆಕ್ಯಾನಿಕ್ ಮನೆಯಲ್ಲೇ ಇದ್ದಾಳಲ್ಲ ಎಂದು ಕರೆದರೆ, ಅವಳು ಎಂಜಿನ್ನಿನ ಸುತ್ತ ಎರಡು ಸುತ್ತು ಹಾಕಿ, "ಇದರ ಪುಸ್ತಕ ಎಲ್ಲಿದೆ ಅತ್ತೆ?" ಎಂದು ಕೇಳಿದ್ದಳು. ಗಿರಣಿಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹಿಟ್ಟಿನ ದೂಳು ಕಟ್ಟಿಕೊಂಡ ಗಾಳಿಯ ಜಾಲರಿಯನ್ನು ಬಿಚ್ಚಿ, ನೆಲಕ್ಕೆ ಎರಡು ಸಲ ಬಡಿದು, ಮತ್ತೆ ಹಾಕಿದ್ದರು, ಎಂಜಿನ್ ಹೊರಟಿತ್ತು. ಅಂದಿನಿಂದ ಸೊಸೆಗೆ 'ಪುಸ್ತಕದ ಮೆಕ್ಯಾನಿಕ್' ಎಂಬ ಹೆಸರು ಅಂಟಿತು. ಹನ್ನೊಂದು ವರ್ಷದಲ್ಲಿ ಬಂದ ನೆಂಟರಿಗೆಲ್ಲ ಅವರು ಈ ಕಥೆ ಹೇಳಿದ್ದರು. ಸೊಸೆಯೂ ನಗುತ್ತಿದ್ದಳು. ಆ ನಗು ಕಣ್ಣಿನವರೆಗೆ ಹೋಗುತ್ತಿರಲಿಲ್ಲ ಅನ್ನುವುದು ಅವರಿಗೆ ಕಾಣದೆ ಇರಲಿಲ್ಲ.

"ಎಂಜಿನ್ನೇ ಕೆಟ್ಟ ಮೇಲೆ ಜನಾನ ಯಾಕೆ ಹತ್ತಿಸ್ಕೋಬೇಕಿತ್ತು?" ಮೀಸೆಯವರು ಇನ್ನೂ ಬಿಟ್ಟಿರಲಿಲ್ಲ.

"ದೊಡ್ಡ ಎಂಜಿನ್ನಿಗೆ ಏನೂ ಆಗಿಲ್ಲ," ಗಿರಣಿಯಮ್ಮನಿಗೆ ತಡೆಯಲಾಗಲಿಲ್ಲ. "ಕೆಟ್ಟಿರೋದು ಬಾಲದಲ್ಲಿರೋ ಸಣ್ಣದು."

"ಬಾಲದಲ್ಲೂ ಒಂದಿದ್ಯಾ?"

"ಇಲ್ದೆ? ರೆಕ್ಕೆ ಕೆಳಗಿರೋ ಆ ಹಂಡೆಗಳನ್ನ ಕೈಯಲ್ಲಿ ತಿರುಗಿಸೋಕಾಗುತ್ತಾ? ಬ್ಯಾಟರಿ ಸಣ್ಣದನ್ನ ಎಬ್ಬಿಸುತ್ತೆ. ಸಣ್ಣದು ಗಾಳಿನ ಒತ್ತಿ ಒತ್ತಿ ಕೊಳವೇಲಿ ಕಳಿಸುತ್ತೆ. ಆ ಗಾಳಿ ರಭಸಕ್ಕೆ ದೊಡ್ಡದು ತಿರುಗುತ್ತೆ. ನೆಲದ ಮೇಲಿದ್ದಾಗ ನಮಗೆ ಲೈಟು, ತಂಪುಗಾಳಿ ಕೊಡೋದೂ ಅದೇ. ಈಗ ಲೈಟಿಗೆ ಹೊರಗಿಂದ ವೈರ್ ಎಳೆದಿದ್ದಾರೆ. ಗಾಳಿಗೆ ಯಾರೂ ದಿಕ್ಕಿಲ್ಲ."

ಮೀಸೆಯವರು ಬೀಸುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು. "ನೀವು ಏನು ಓದಿದ್ದೀರಿ?"

"ನಾಲ್ಕನೇ ಕ್ಲಾಸು."

ಹೇಳಿದ್ದೆಲ್ಲ ಸೊಸೆಯ ಬಾಯಿಂದ ಕೇಳಿದ್ದೇ. ಆದರೆ ಕೇಳಿದ್ದಲ್ಲದ ಒಂದು ಸಂಗತಿಯೂ ಗಿರಣಿಯಮ್ಮನ ತಲೆಯಲ್ಲಿ ಕೊರೆಯುತ್ತಿತ್ತು. ಮೂರು ಸಲವೂ ಕೂಗು ಕಟ್ಟಿದ್ದು ಒಂದೇ ಜಾಗದಲ್ಲಿ. ಬೆಂಕಿ ಹತ್ತುತ್ತಿದೆ, ಚಕ್ರ ತಿರುಗುತ್ತಿದೆ, ಆಮೇಲೆ ಉಸಿರು ಸಾಲದೆ ಒದ್ದಾಡುತ್ತಿದೆ. ಈ ಒದ್ದಾಟ ಅವರಿಗೆ ಹೊಸದಲ್ಲ. ಹೋಗಿ ಹೇಳಿಬಿಡಬೇಕು ಅನ್ನಿಸಿತು. ಪಾಪ, ಹುಡುಗಿ ಪುಸ್ತಕದ ಹಾಳೆ ತಿರುವುತ್ತ ಕೂತಿರುತ್ತಾಳೆ. ಮೀಸೆಯವರ ಮೊಣಕಾಲು ದಾಟಿಕೊಂಡು, ಸೆಖೆಗೆಂದು ತೆರೆದಿಟ್ಟಿದ್ದ ಹಿಂಬಾಗಿಲಿನ ಹತ್ತಿರ ಹೋದರು.

"ಅಮ್ಮ, ಇಲ್ಲೇ ನಿಂತ್ಕೊಳ್ಳಿ, ಮುಂದೆ ಹೋಗ್ಬೇಡಿ," ಗಗನಸಖಿ ಕೈ ಅಡ್ಡ ಹಿಡಿದಳು. ಅಲ್ಲಿಂದ ಹೊರಗಿನ ಮಾತು ಚೆನ್ನಾಗಿ ಕೇಳುತ್ತಿತ್ತು.

"ಕಂಪ್ಯೂಟರ್ 'ಶಾಖ ಹೆಚ್ಚು' ಅಂತ ಹೇಳ್ತಿದೆ. ಶಾಖ ಅಳೆಯೋ ಸೆನ್ಸರ್ ಬದಲಾಯಿಸಿ ಮುಗಿಸಿ," ಎಂಬ ಗಂಡಸಿನ ದನಿ. ಕೊರಳಲ್ಲಿ ಬ್ಯಾಡ್ಜು, ಕೈಯಲ್ಲಿ ವಾಕಿಟಾಕಿ. ನಿಲ್ದಾಣದ ಮ್ಯಾನೇಜರ್ ಇರಬೇಕು. "ಅದೂ ಬೇಡ. ಗಾಳಿ ಗಾಡಿ ತಂದು ಇಲ್ಲಿಂದ್ಲೇ ದೊಡ್ಡ ಎಂಜಿನ್ ಎಬ್ಬಿಸಿ, ಕಳಿಸಿಬಿಡೋಣ. ನಿಯಮದಲ್ಲಿ ಅವಕಾಶ ಇದೆ."

"ಇದೆ ಸರ್. ಆದ್ರೆ ಇಳಿಯೋ ಕಡೆ ಆ ಗಾಡಿ ಇಲ್ಲ. ಅಲ್ಲಿ ಎಂಜಿನ್ ಆರಿಸಿದ್ರೆ ಮತ್ತೆ ಹೊತ್ತಿಸೋರು ಯಾರು? ವಾಪಸ್ ಬರೋ ನೂರೈವತ್ತು ಜನ ಅಲ್ಲೇ ಕೂರ್ಬೇಕಾಗುತ್ತೆ." ಸೊಸೆಯ ದನಿ ಏರಲಿಲ್ಲ. "ಸೆನ್ಸರ್ ಸುಳ್ಳು ಹೇಳ್ತಿಲ್ಲ. ಒಳಗೆ ನಿಜವಾಗ್ಲೂ ಕಾಯ್ತಿದೆ. ನೀವು ಸದ್ದು ಕೇಳಿದ್ರಾ? ಮೂರು ಸಲವೂ ಒಂದೇ ಜಾಗದಲ್ಲಿ ಉಸಿರು ಕಟ್ತು. ಗಾಳಿ ಸಾಲ್ತಿಲ್ಲ ಅದಕ್ಕೆ."

ಗಿರಣಿಯಮ್ಮನ ನಾಲಿಗೆಯ ತುದಿಯಲ್ಲಿದ್ದ ಮಾತು ಅದೇ. ಅವರು ಅದನ್ನು ಹಾಗೇ ನುಂಗಿಕೊಂಡರು.

"ಗಾಳಿ ಒಳಗೆ ಹೋಗೋ ಬಾಗಿಲು ಪೂರ್ತಿ ತೆರೆದಿದೆ ಅಂತ ಪರದೆ ಮೇಲೆ ಬರ್ತಿದೆಯಲ್ರೀ!"

"ಪರದೆಗೆ ಹೇಳೋ ಸ್ವಿಚ್ಚು ಮೋಟರ್ ಹತ್ರ ಇದೆ. ಮೋಟರ್ ತಿರುಗಿದೆ, ನಿಜ. ಬಾಗಿಲು ಅದರ ಜೊತೆಗೆ ಹೋಯ್ತಾ ಅಂತ ಯಾರೂ ಕಣ್ಣಾರೆ ನೋಡಿಲ್ಲ. ಬಿಚ್ಚಿ ನೋಡ್ತೀನಿ. ಅರ್ಧ ಗಂಟೆ ಕೊಡಿ."

"ಪೈಲಟ್‌ಗಳ ಡ್ಯೂಟಿ ಮುಗಿಯೋಕೆ ಇರೋದೇ ಐವತ್ತು ನಿಮಿಷ. ನಿಮ್ಮ ಊಹೆ ತಪ್ಪಾದ್ರೆ ವಿಮಾನ ರದ್ದು. ಆಗ ರಿಪೋರ್ಟಲ್ಲಿ ನಿಮ್ಮ ಹೆಸರು ಬರೀತೀನಿ, ಆಮೇಲೆ ಬೇಜಾರು ಮಾಡ್ಕೋಬೇಡಿ."

"ಬರೀರಿ ಸರ್. ವಿಮಾನ ಹಾರಬಹುದು ಅಂತ ಸಹಿ ಮಾಡೋಳೂ ನಾನೇ ಅಲ್ವಾ?"

ಮ್ಯಾನೇಜರ್ ವಾಕಿಟಾಕಿಯಲ್ಲಿ ಏನೋ ಗೊಣಗುತ್ತ ನಡೆದರು. ಏಣಿಯ ಮೇಲೆ ಬೂಟಿನ ಸದ್ದಾಯಿತು. ಗಿರಣಿಯಮ್ಮ ಬಂದ ದಾರಿಯಲ್ಲೇ ಹಿಂದಿರುಗಿ ಸೀಟಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತರು. ಎದೆಯೊಳಗೆ ಏನೋ ಉಬ್ಬಿ ಬರುತ್ತಿತ್ತು, ಅದರ ಹಿಂದೆಯೇ ಒಂದು ಅಳುಕು. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿ, ಇವಳ ಕಿವಿ ಎಂಥದು ಅಂತ ತನಗೆ ತಿಳಿಯಲಿಲ್ಲವಲ್ಲ! ಗಿರಣಿಯ ಎಂಜಿನ್ ಅವಳಿಗೆ ಅಂದು ಪರಕೀಯ ಪ್ರಾಣಿ. ತನಗೆ ತಿಳಿಯದ್ದರ ಮೈಮೇಲೆ ಕೈ ಹಾಕುವ ಮೊದಲು ಪುಸ್ತಕ ಕೇಳಿದಳು. ಅದರಲ್ಲಿ ನಗುವಂಥದ್ದು ಏನಿತ್ತು?

ಸಮಯ ಕಾದ ಹೆಂಚಿನ ಮೇಲೆ ಕೂತಂತೆ ಹೋಯಿತು. ಮುಂದಿನ ಸಾಲುಗಳಲ್ಲಿ ಕೂಸೊಂದು ಅತ್ತು ಅತ್ತು ಸುಸ್ತಾಗಿ ಮಲಗಿತು. ಇಬ್ಬರು ಎದ್ದು ಇಳಿಯುತ್ತೇವೆಂದು ಜಗಳ ತೆಗೆದರು. ಮೀಸೆಯವರು ಅಂಗಿಯ ಎರಡು ಗುಂಡಿ ಬಿಚ್ಚಿ ಎದ್ದು ನಿಂತು, "ಇನ್ನು ಆಗಲ್ಲ ಬಿಡಿ," ಎಂದರು.

"ಆಗುತ್ತೆ, ಕೂತ್ಕೊಳ್ಳಿ," ಎಂದರು ಗಿರಣಿಯಮ್ಮ. ಹಿಟ್ಟಿಗೆ ನೂಕಾಡುವ ಗಿರಾಕಿಗಳನ್ನು ಗದರಿಸುತ್ತಿದ್ದ ದನಿ ಅದು. ಮೀಸೆಯವರು ಕೂತೇಬಿಟ್ಟರು.

ಹಿಂದಿನಿಂದ ಮತ್ತೆ ಆ ಕೂಗು ಹೊರಟಿತು. ಗಿರಣಿಯಮ್ಮ ಸೀಟಿನ ತೋಳನ್ನು ಗಟ್ಟಿಯಾಗಿ ಹಿಡಿದರು. ಒಳಗೆಲ್ಲೋ ಬೆಂಕಿ ಹತ್ತಿದ ಬುಸುಗುಟ್ಟುವಿಕೆ. ಸದ್ದು ಏರಿತು, ಏರಿತು, ಕಟ್ಟುತ್ತಿದ್ದ ಜಾಗಕ್ಕೆ ಬಂತು. ಅಲ್ಲಿ ತಡವರಿಸದೆ ಸಲೀಸಾಗಿ ದಾಟಿ ಮೇಲಕ್ಕೆ ಹೋಗಿ, ಒಂದೇ ಸಮನೆ ನಿಂತಿತು. ತಲೆಯ ಮೇಲಿನ ತೂತುಗಳಿಂದ ಮೊದಲು ಬಿಸಿಗಾಳಿ, ಆಮೇಲೆ ಬೆಚ್ಚಗೆ, ಆಮೇಲೆ ತಣ್ಣಗೆ ಸುರಿಯತೊಡಗಿತು. ಯಾರೋ ಚಪ್ಪಾಳೆ ತಟ್ಟಿದರು.

ಹಿಂಬಾಗಿಲಿನಿಂದ ಸೊಸೆ ಒಳಗೆ ಬಂದಳು. ಪೈಲಟ್‌ಗೆ ತೋರಿಸಿ ಸಹಿ ಹಾಕುವ ದಪ್ಪ ದಾಖಲೆ ಪುಸ್ತಕ ಕಂಕುಳಲ್ಲಿತ್ತು. ಕೆನ್ನೆಯಿಂದ ಕಿವಿಯವರೆಗೆ ಗ್ರೀಸು. ಗಿರಣಿಯಮ್ಮನ ಸಾಲಿನ ಬಳಿ ನಡಿಗೆ ನಿಧಾನವಾಯಿತು.

"ತುಂಬಾ ಸೆಖೆ ಆಯ್ತಾ ಅತ್ತೆ? ನೀರು ಕುಡಿದ್ರಾ?"

"ನನ್ನ ವಿಷಯ ಬಿಡು. ಬಾಗಿಲು ತಾನೆ?"

ಸೊಸೆ ಅವರನ್ನು ಅಚ್ಚರಿಯಿಂದ ನೋಡಿದಳು. "ಬಾಗಿಲೇ. ಎಳೆಯೋ ಕಡ್ಡಿಯ ಬೋಲ್ಟು ಕಳಚಿತ್ತು. ಅರ್ಧಕ್ಕೇ ನಿಂತುಬಿಡ್ತಿತ್ತು. ನಿಮಗೆ ಹೇಗೆ ಗೊತ್ತಾಯ್ತು?"

"ಸದ್ದಲ್ಲೇ ಇತ್ತಲ್ಲ. ನೀನು ಹೇಳೋದೂ ಕೇಳಿಸ್ತು," ಎಂದರು ಗಿರಣಿಯಮ್ಮ. "ನನಗಿಂತ ಮೊದ್ಲೇ ಹಿಡಿದೆ ನೀನು."

ಸೊಸೆಯ ಮುಖ ಗ್ರೀಸಿನ ಕೆಳಗೇ ಕೆಂಪಾಯಿತು. ಅತ್ತೆಯ ಭುಜವನ್ನು ಮೊಣಕೈಯಿಂದ ಮುಟ್ಟಿ ಮುಂದೆ ಹೋದಳು. ಅಂಗೈ ಪೂರ್ತಿ ಎಣ್ಣೆಯಾಗಿತ್ತು.

"ನಿಮಗೆ ಪರಿಚಯಾನಾ?" ಮೀಸೆಯವರು ಕೇಳಿದರು.

"ನನ್ನ ಸೊಸೆ," ಎಂದರು ಗಿರಣಿಯಮ್ಮ, ಮುಂದಿನ ನಾಲ್ಕು ಸಾಲಿಗೆ ಕೇಳುವ ಹಾಗೆ. "ಮೆಕ್ಯಾನಿಕ್."

ಸೊಸೆ ಇಳಿದುಹೋದ ಮೇಲೆ ವಿಮಾನದ ಬಾಗಿಲು ಮುಚ್ಚಿತು. ರೆಕ್ಕೆಯ ಕೆಳಗಿನ ಎಂಜಿನ್‌ಗಳು ಒಂದಾದ ಮೇಲೊಂದು ಹೊರಟವು. ಬಾಲದ ಸದ್ದು ಮೆಲ್ಲಗೆ ಇಳಿದು ಆರಿತು. ವಿಮಾನ ಕದಲಿದಾಗ ಗಿರಣಿಯಮ್ಮ ಕಿಟಕಿಗೆ ಮುಖವಿಟ್ಟರು. ಬಿಸಿಲಿನ ಕಾಂಕ್ರೀಟಿನ ಮೇಲೆ ಸೊಸೆ ಒಬ್ಬಳೇ ನಿಂತಿದ್ದಳು. ಕೈ ಬೀಸಲಿಲ್ಲ, ಕಿಟಕಿಗಳ ಕಡೆ ನೋಡಲೂ ಇಲ್ಲ. ತಲೆಯನ್ನು ಒಂದು ಕಡೆಗೆ ಓರೆ ಮಾಡಿಕೊಂಡು, ದೂರವಾಗುತ್ತಿದ್ದ ಎಂಜಿನ್‌ಗಳ ಸದ್ದು ಕೇಳುತ್ತಿದ್ದಳು.