ಶಾಸ್ತ್ರದ ಕಂಬಳಿ

ಮಾಗಿಯ ಚಳಿ ಮೂಳೆ ಕೊರೆಯುತ್ತಿದ್ದ ಆ ಬೆಳಗಿನ ಜಾವವೇ ಆಗಬೇಕಿತ್ತೇ, ಮಾಕವಳ್ಳಿ ಮಗ್ಗುಲಿನ ಊರಿನ ಹೊನ್ನಪ್ಪನ ಸೀಮೆಹಸು ಹೇಳದೆ ಕೇಳದೆ ಕರು ಹಾಕಿಬಿಟ್ಟಿತು. ಸೊಸೆ ದಿವ್ಯ ಸಗಣಿ ಬಾಚಲು ಕೊಟ್ಟಿಗೆಗೆ ಹೋದಾಗ ಕರು ಗಂಜಲದಲ್ಲಿ ನೆನೆದು ಮುದ್ದೆಯಾಗಿ ಬಿದ್ದಿತ್ತು. ಅದರ ಬಾಯಿಗೆ ಬೆರಳಿಟ್ಟಳು. ಒಳಗೆಲ್ಲ ತಣ್ಣಗೆ. ಬೆರಳು ಚೀಪುವಷ್ಟು ತ್ರಾಣವೂ ಅದಕ್ಕಿರಲಿಲ್ಲ.

ಹಿಂದೆಯೇ ಬಂದ ಮಾವ ಬಗ್ಗಿ ನೋಡಿದ. "ಗಂಡುಗರು ಕಣವ್ವ. ಬುಡತ್ಲಾಗೆ. ಒಂಬತ್ತು ಗಂಟೆಗೆ ಬೀಗರು ಬತ್ತಾವ್ರೆ, ಸ್ನೇಹನ ವೀಳ್ಯಶಾಸ್ತ್ರದ ಕೆಲ್ಸ ನೋಡು."

ಸ್ನೇಹ ಅವನ ಮಗಳು. ನಾದಿನಿಯ ಶಾಸ್ತ್ರ ಬೇಡವೆಂದು ದಿವ್ಯ ಹೇಳಿದ್ದಳೇ? ಗಂಡುಗರುವಿನಿಂದ ಡೇರಿಗೆ ಹಾಲಿಲ್ಲ, ಅದೂ ಗೊತ್ತು. ಹಾಗಂತ ಹುಟ್ಟಿದ ಗಳಿಗೆಯಲ್ಲೇ ಸಾಯಲು ಬಿಡುವುದೆಂದರೇನು? ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನಾನು ಬುಡಾಕಿಲ್ಲ ಮಾವ."

ಒಣಹುಲ್ಲಿನಿಂದ ತಿಕ್ಕಿದಳು. ಗೋಣಿಚೀಲಗಳೆಲ್ಲ ಇಬ್ಬನಿಗೆ ತೊಯ್ದಿದ್ದವು. ತನ್ನ ರಗ್ಗು ತಂದು ಹೊದಿಸಿದರೆ ಅದೂ ಗಳಿಗೆಯಲ್ಲಿ ಒದ್ದೆ. ಕರುವಿನ ನಡುಕ ಮಾತ್ರ ನಿಲ್ಲಲಿಲ್ಲ.

ಉಳಿದದ್ದು ಕರಿಕಂಬಳಿ ಒಂದೇ. ಆ ಮನೆಯಲ್ಲಿ ಮೂರು ತಲೆಮಾರಿನಿಂದ ಬೀಗರು ಆ ಕಂಬಳಿಯ ಮೇಲೆ ಕೂತೇ ವೀಳ್ಯ ಬದಲಾಯಿಸಿಕೊಳ್ಳುವುದು. ಮಿಕ್ಕ ದಿನ ಅದು ದೇವರ ಗೂಡಿನ ಪಕ್ಕ ಮಡಿಸಿಕೊಂಡಿರುತ್ತದೆ, ಮುಟ್ಟಿದ ಮಕ್ಕಳಿಗೆ ಗದರಿಕೆ ತಪ್ಪಿದ್ದಲ್ಲ. ಹೊನ್ನಪ್ಪ ಆಗಲೇ ಅದನ್ನು ಪಡಸಾಲೆಯಲ್ಲಿ ಹಾಸಿದ್ದ. ದಿವ್ಯ ಲೋಳೆಗೈಯಲ್ಲೇ ಬಂದವಳು ಕಂಬಳಿ ಎಳೆದು ಹೆಗಲಿಗೆ ಹಾಕಿಕೊಂಡಳು.

"ಏನವ್ವ ಇದು? ಬೀಗರು ಏನ್ಮೇಲೆ ಕೂತ್ಕಬೇಕು?"

"ಬೀಗರು ಸ್ವೆಟರ್ ಆಕ್ಕಂಡು ಬತ್ತಾರೆ ಮಾವ. ಇದ್ಕೇನದೆ?"

ಕರುವನ್ನು ಎಳೆಬಿಸಿಲು ಬೀಳುವ ಜಗಲಿಗೆ ಹೊತ್ತು ತಂದು, ಕಂಬಳಿ ಸುತ್ತಿ, ತೊಡೆಯ ಮೇಲೆ ಹಾಕಿಕೊಂಡು ಕೂತಳು. ಅತ್ತೆ ದೊಡ್ಡತಾಯಮ್ಮ ಗಂಡನ ಮುಖವನ್ನೊಮ್ಮೆ ಸೊಸೆಯ ಮುಖವನ್ನೊಮ್ಮೆ ನೋಡಿದಳು. ಕೊಟ್ಟಿಗೆಗೆ ಹೋಗಿ ಬಿಸಿಬಿಸಿ ಗಿಣ್ಣುಹಾಲು ಕರೆದು ತಂದು ಕೊಟ್ಟಳು. ದಿವ್ಯ ಚಮಚದಲ್ಲಿ ಹನಿಹನಿಯಾಗಿ ಬಾಯಿಗೆ ಬಿಟ್ಟಳು.

ಬೀದಿಯ ತುದಿಯಲ್ಲಿ ಕಾರಿನ ಸದ್ದು ಕೇಳಿಸಿತು. ಹೊನ್ನಪ್ಪ ಪಂಚೆ ಎತ್ತಿಕಟ್ಟಿಕೊಂಡು ಬಂದ. "ಮರ್ವಾದೆ ತೆಗೀಬ್ಯಾಡ, ಕೊಡವ್ವ ಕಂಬಳಿಯ."

"ನಾ ಕೊಡಾಕಿಲ್ಲ. ಬೇಕಾದ್ರೆ ನೀವೇ ಕೈಯಾರೆ ಎಳ್ಕಳಿ."

ಹೊನ್ನಪ್ಪ ಬಗ್ಗಿದ. ಕರುವಿನ ಕತ್ತಿನ ಹತ್ತಿರ ಕಂಬಳಿಯ ಅಂಚು ಹಿಡಿದ. ಕರು ಮೂತಿ ತಿರುಗಿಸಿ ಅವನ ಹೆಬ್ಬೆರಳನ್ನು ಬಾಯಿಗೆಳೆದುಕೊಂಡು ಲೊಚಲೊಚನೆ ಚೀಪತೊಡಗಿತು. ಬಾಯಿ ಬೆಚ್ಚಗಿತ್ತು. ಕೈ ಕಿತ್ತುಕೊಳ್ಳಬಹುದಿತ್ತು, ಅವನು ಕಿತ್ತುಕೊಳ್ಳಲಿಲ್ಲ. ಕಾರು ಬಾಗಿಲಿಗೇ ಬಂದು ನಿಂತರೂ ಬಗ್ಗಿದವನು ಬಗ್ಗಿಯೇ ಇದ್ದ.

"ಚಾಪೆ ಆಸು ಓಗು. ಅದ್ರ ಮೇಲೇ ಕೂತ್ಕತ್ತಾರೆ," ಎಂದ, ಎತ್ತಲೋ ನೋಡುತ್ತ.

ದಿವ್ಯ ಕೂತಲ್ಲಿಂದ ಅಲುಗಲಿಲ್ಲ. "ಅಟ್ಟದ್ಮೇಲದೆ ಮಾವ. ನೀವೇ ಇಳಿಸ್ಕಳಿ."