ಸಾತೇನಿಕ್‌ಳ ಹಣೆ

ಬೈಲಹೊಂಗಲದ ಅರ್ಧ ಹೆಂಗಸರ ಕುಪ್ಪಸ ಹೊಲಿಯುತ್ತಿದ್ದ ತಾಕೂಹಿ ಆ ಊರಿನವಳಲ್ಲ, ಆ ಸೀಮೆಯವಳೂ ಅಲ್ಲ. ತುರ್ಕರ ರಾಜ್ಯದ ವಾನ್ ಎಂಬ ಊರಿನ ಆರ್ಮೇನಿಯನ್ ಕ್ರೈಸ್ತಳು. ಅಲ್ಲಿ ಕಡಿದಾಟವಾಗಿ, ಮನೆಮಠ ಸುಟ್ಟುಹೋದಾಗ ಗಂಡನೊಂದಿಗೆ ಕೈಗೂಸು ಕಟ್ಟಿಕೊಂಡು ಪರ್ಷಿಯಾ ದಾಟಿ, ಹಡಗು ಹತ್ತಿ ಮುಂಬಯಿಗೆ ಬಂದಳು. ಗಂಡನಿಗೆ ಬೈಲಹೊಂಗಲದ ಹತ್ತಿ ಗಿರಣಿಯಲ್ಲಿ ಕೆಲಸ ಸಿಕ್ಕಿತು. ಕೆಲಸ ಕೈಹತ್ತುವ ಹೊತ್ತಿಗೆ ಜ್ವರ ಬಂದು ಸತ್ತ.

ಊರು ಆಕೆಯನ್ನು ತಾಕವ್ವ ಎಂದು ಕರೆದು, ಇನ್ನು ಇವಳು ನಮ್ಮವಳೇ ಎಂದುಕೊಂಡಿತು. ಊರಿಗೇನು, ಹೆಸರಿಟ್ಟರೆ ಎಲ್ಲ ಮುಗಿದಂತೆ! ತಾಕೂಹಿ ಸೀರೆ ಉಟ್ಟಳು, ಜೋಳದ ರೊಟ್ಟಿ ಬಡಿದಳು, ಅಲ್ಲಿಗೆ ನಿಂತಳು. ಮಗಳು ಸಾತೇನಿಕ್ ಹಣೆಗೆ ಕುಂಕುಮ ಹಚ್ಚಕೂಡದು ಎಂಬುದೊಂದನ್ನು ಹಲ್ಲುಕಚ್ಚಿ ಹಿಡಿದಿದ್ದಳು. ಅದನ್ನೂ ಬಿಟ್ಟರೆ ನಾವು ಯಾರೆಂದು ದೇವರಿಗೂ ಗುರುತು ಹತ್ತಲಿಕ್ಕಿಲ್ಲ ಎಂದು ಆಕೆಗೆ ಹೆದರಿಕೆ.

ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮೊದಲು ಕಲಕತ್ತೆಯಿಂದ ತಾಕೂಹಿಯ ಅಕ್ಕ ಕಾಗದ ಬರೆದಳು. ತಮ್ಮವರದೇ ಒಂದು ಮನೆಯಲ್ಲಿ ವರನಿದ್ದಾನೆ, ಸ್ಥಿತಿವಂತರು, ಆದರೆ ವರನ ತಾಯಿಗೆ ಗುಮಾನಿ. ಚರ್ಚಿಲ್ಲದ, ಪಾದ್ರಿಯಿಲ್ಲದ ಊರಲ್ಲಿ ಬೆಳೆದ ಹುಡುಗಿ ಇನ್ನೂ ನಮ್ಮವಳಾಗಿ ಉಳಿದಿದ್ದಾಳೆಯೇ? ನಮ್ಮ ಉಡುಪಿನಲ್ಲಿ ಒಂದು ಫೋಟೋ ಕಳಿಸಲಿ, ನೋಡಿ ಹೇಳುತ್ತೇವೆ ಎಂದಿದ್ದಳಂತೆ. ಹುಡುಗಿಯ ಮುಖದಲ್ಲಿ ಕುಲ ಹುಡುಕುವ ಚಟಕ್ಕೆ ಬೈಲಹೊಂಗಲ, ಕಲಕತ್ತೆ ಎಂಬ ಭೇದವಿಲ್ಲ ಬಿಡಿ.

ತಾಕೂಹಿ ಟ್ರಂಕಿನ ತಳದಿಂದ ತನ್ನ ಮದುವೆಯ ಮಖಮಲ್ಲಿನ ನಿಲುವಂಗಿ, ಬೆಳ್ಳಿಯ ಡಾಬು ತೆಗೆದಳು. ಉಪವಾಸ ಬಿದ್ದಾಗಲೂ ಅವನ್ನು ಮಾರಿರಲಿಲ್ಲ. ಮಗಳಿಗೆ ತೊಡಿಸಿ, ಪೇಟೆಯ ನೀಲಕಂಠನ ಫೋಟೋ ಅಂಗಡಿಗೆ ಕರೆದೊಯ್ದಳು.

ನೀಲಕಂಠ ಪುಣೆಯಲ್ಲಿ ವಿದ್ಯೆ ಕಲಿತು ಬಂದವನು. ಒಳ್ಳೆಯವನು, ಒಳ್ಳೆಯತನ ಒಂದು ತೂಕ ಹೆಚ್ಚೇ. ಬೋಳು ಕೊರಳಿಗೆ ಸರ, ಬರಿಗೈಗೆ ಬಳೆ, ಎಲ್ಲವನ್ನೂ ಫೋಟೋದಲ್ಲಿ ತಾನೇ ತಿದ್ದಿ ಕೊಡುತ್ತಿದ್ದ. ಅದಕ್ಕೇ ಕಿತ್ತೂರು, ಸಂಗೊಳ್ಳಿಯಿಂದಲೂ ಗಿರಾಕಿ ಬರುತ್ತಿದ್ದರು. ಬಿಳಿ ಬಟ್ಟೆಯ ಚಪ್ಪರದ ಕೆಳಗೆ ಸಾತೇನಿಕ್‌ಳನ್ನು ನಿಲ್ಲಿಸಿ ಫೋಟೋ ತೆಗೆದ. ಲಗ್ನದ ಮಾತಿಗೆ ಬೇಕು, ಒಂದು ಪ್ರತಿ ನೇರ ಕಲಕತ್ತೆಗೆ ಹಾಕಿರಿ, ಒಂದು ನನಗೆ ಕೊಡಿರಿ ಎಂದು ತಾಕೂಹಿ ವಿಳಾಸ ಕೊಟ್ಟು ಬಂದಳು. ಅಂದು ದಾರಿಯುದ್ದಕ್ಕೂ ಆಕೆ ನಗುತ್ತಿದ್ದಳು.

ಸಂತೆಯ ದಿನ ನೀಲಕಂಠ ತಾನೇ ಮನೆಗೆ ಬಂದ.

"ತಗೋರಿ ಬಾಯಾರ. ಕಲಕತ್ತಾದ್ದು ಮೊನ್ನೇನ ಟಪಾಲಿಗೆ ಹಾಕೇನಿ."

ತಾಕೂಹಿ ಫೋಟೋ ಬೆಳಕಿಗೆ ಹಿಡಿದಳು. ಅಂಗಿ ಇತ್ತು, ಡಾಬು ಇತ್ತು. ಮಗಳ ಹಣೆಯ ನಡುವೆ ಕಡಲೆಕಾಳಿನಷ್ಟು ದುಂಡನೆಯ ಕಪ್ಪು ಬೊಟ್ಟಿತ್ತು.

"ಇದೇನ್ರಿ?"

"ಕುಂಕುಮರಿ. ಗಡಿಬಿಡ್ಯಾಗ ಹುಡುಗಿ ಮರತಿದ್ಲು. ಲಗ್ನದ ಫೋಟೋ, ಬೋಳು ಹಣಿ ಹೆಂಗ ಕಳಸೂದ್ರಿ? ಫೋಟೋ ಮೂಡಿದ ಗಾಜಿನ ಪಟ್ಟಿ ಮ್ಯಾಲೆನ ಚಾಕೂಲೆ ಕೆರದು ಮಾಡೇನಿ. ಇನ್ನ ಎಷ್ಟು ಪ್ರತಿ ತಗದ್ರೂ ಅಳಸೂದಿಲ್ಲ. ಇದಕ್ಕ ಬ್ಯಾರೆ ರೊಕ್ಕ ಬ್ಯಾಡರಿ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ, ಪುಣ್ಯಾತ್ಮ.

"ನನ್ನ ಮಗಳು ಹುಟ್ಟಿದಾಗಿಂದ ಕುಂಕುಮ ಹಚ್ಚಿಲ್ರಿ!" ತಾಕೂಹಿ ಚೀರಿದಳು.

ನೀಲಕಂಠ ಕಕ್ಕಾಬಿಕ್ಕಿಯಾದ. "ಹಂಗಂದ್ರ ಹೆಂಗರಿ? ದಿನಾ ಮುಂಜಾನೆ ಕೊಡ ಹೊತ್ತು ನಮ್ಮ ಅಂಗಡಿ ಮುಂದನ ಹೋಗ್ತಾಳ. ಹಚ್ಚಿರ್ತಾಳಲ್ರಿ."

ಮಾತು ಬಾಯಿಂದ ಹೊರಬಿದ್ದ ಮೇಲೆ ಅವನಿಗೇ ಏನೋ ಹೊಳೆಯಿತು. ನಾಳೆ ಬರ್ರಿ, ಇನ್ನೊಂದು ತಗದು ಕೊಡತೇನಿ ಎಂದು ಗೊಣಗಿ ಹೊರಟುಹೋದ.

ಸಾತೇನಿಕ್ ಒಲೆಯ ಮುಂದೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಯಾವತ್ತೂ ಮುಂಜಾನೆ ತಾಕೂಹಿ ಹೊಲಿಗೆ ಬಿಟ್ಟು ಏಳುವಂತಿರಲಿಲ್ಲ. ನೀರು ತರುವುದು ಮೊದಲಿನಿಂದ ಮಗಳ ಪಾಲು.

"ಅಂವ ಅಂದದ್ದು ನಿಜ ಏನು?"

"ನಿಜನ ಅವ್ವಾ. ಬೋಳು ಹಣಿಲೆ ಹ್ವಾದ್ರ ಬಾವಿ ಹಗ್ಗ ಮುಟ್ಟಗೊಡತಿದ್ದಿಲ್ಲ. ಮುಂಜಾನೆದ್ದು ಮುಂಡೇರ ಮಾರಿ ನೋಡಿಧಂಗಾತು ಅಂತ ಉಗಳತಿದ್ರು. ಸಣ್ಣಾಕಿದ್ದಾಗ ಒಂದಿನ ಬಾಜೂಮನಿ ಗುರುಬಸವ್ವ ಕರದು ಹಚ್ಚಿ ಕಳಿಸಿದ್ಲು. ಅವತ್ತು ನೀರು ಸಿಕ್ತು. ಆವಾಗಿಂದ ಆಕಿ ಮನ್ಯಾಗ ಹಚ್ಚಿಕೊಂಡು ಹೋಗ್ತೇನಿ. ಬರುವಾಗ ಓಣಿ ತುದಿಗೆ ಒರಸಿಕೊಂಡು ಬರ್ತೇನಿ."

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀರು ಕುಡಿಯೂದು ಬಿಡತಿದ್ದೇನು?"

ತಾಕೂಹಿ ಫೋಟೋ ನೆಲಕ್ಕೆ ಒಗೆದಳು. "ಏಳು. ಅಂಗಿ ತಗದಿಡು. ನಾಳಿ ಇನ್ನೊಂದು ತಗಸೂನು."

"ಒಲ್ಲೆ. ಆ ಫೋಟೋದಾಗ ಸುಳ್ಳಂದ್ರ ನಿನ್ನ ಅಂಗಿ ಒಂದ. ಉಳದದ್ದೆಲ್ಲಾ ನಾನ."

ತಾಕೂಹಿ ಹೊಡೆಯಲು ಕೈ ಎತ್ತಿದಳು, ಹೊಡೆಯಲಾಗಲಿಲ್ಲ. ಕಲಕತ್ತೆಯಿಂದ ಏನು ಉತ್ತರ ಬರುತ್ತದೆಂದು ಆಕೆಗೆ ಆಗಲೇ ತಿಳಿದುಹೋಗಿತ್ತು. ವಾನಿನಲ್ಲಿ ಮನೆ ಸುಟ್ಟವರ ಹೆಸರು ಹಿಡಿದು ಇಷ್ಟು ವರ್ಷ ಶಾಪ ಹಾಕಿದ್ದಳು. ಈಗ ಯಾರ ಹೆಸರು ಹಿಡಿಯಬೇಕು? ತಮ್ಮ ಈ ಗುರುತನ್ನು ಯಾರೂ ದೋಚಿರಲಿಲ್ಲ. ಎಳೆಯ ಹುಡುಗಿ ದಿನಾ ಬಾವಿಗೆ ಹೋಗಿ, ಒಂದು ಕೊಡ ನೀರಿಗೆ ಅದನ್ನು ಕೊಟ್ಟು ಬಂದಿದ್ದಳು. ಆ ನೀರನ್ನು ಅಷ್ಟೂ ವರ್ಷ ಕುಡಿದವಳು ತಾನೇ.