ಒರೆಸಿದ ಕುರ್ಚಿ

"ಏ ಮೋರಿಯವಳೇ, ಕಿವೀಲೂ ಕೆಸರು ತುಂಬಿದ್ಯಾ? ದೊಡ್ಡ ಸಾಹೇಬ್ರ ಕಾರು ಬರೋ ಹೊತ್ತಾಯ್ತು, ಬೇಗ ಎತ್ತೇ ಮುಂಡೆ!"

ಮೇಸ್ತ್ರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬಯ್ದ. ನಾನು ಪುರಸಭೆಯ ಸಭಾಂಗಣದ ಮುಂದಿನ ಮೋರಿಗೆ ಮೊಣಕಾಲವರೆಗೆ ಇಳಿದು, ಹೂಳು ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಅವನ ಬೈಗುಳ ನನಗೆ ತಾಗಲಿಲ್ಲ. ತಾಗಿದ್ದು ಬೇರೆ. ಹಾರುಹೊಡೆದ ಬಾಗಿಲಿನಿಂದ ವೇದಿಕೆ ನೇರ ಕಾಣುತ್ತಿತ್ತು. ಅಲ್ಲಿ ಪುರಸಭೆಯ ಅಧ್ಯಕ್ಷನಿಗೂ ಸೇವಾಸಂಸ್ಥೆಯ ಮೇಡಮ್ಮಿಗೂ ನಡುವೆ, ಕೆಂಪು ಬಟ್ಟೆ ಹೊದಿಸಿದ ಮರದ ಕುರ್ಚಿಯಲ್ಲಿ ನನ್ನ ಓರಗಿತ್ತಿ ಕೂತಿದ್ದಳು.

ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ?

ಪುರಸಭೆಯೂ ಸಂಸ್ಥೆಯೂ ಕೈಜೋಡಿಸಿ ಪಟ್ಟಣವನ್ನು ಚೊಕ್ಕಟ ಮಾಡುತ್ತಾರಂತೆ. "ಮೂರನೇ ಕೈ ನಿಮ್ಮದೇ" ಎಂದು ಮೇಡಂ ನಾವು ಹಾಜರಿ ಹಾಕುವ ಪುರಸಭೆ ಯಾರ್ಡಿಗೇ ಬಂದು ಹೇಳಿದ್ದಳು. ಮೋರಿ ಕೆಲಸದವರಲ್ಲಿ ಒಬ್ಬರಿಗೆ ವೇದಿಕೆಯ ಮೇಲೆ ಕುರ್ಚಿ. ಬೇಕಾದ್ದನ್ನು ಮೈಕಿನಲ್ಲೇ ಕೇಳಬಹುದು. ನಮಗೆ ಬೇಕಾದ್ದು ಒಂದೇ. ಯಾರ್ಡಿನ ಹಿಂದೆ ಹೊಸದಾಗಿ ಕಟ್ಟಿ, ಬೀಗ ಹಾಕಿಟ್ಟ ಕೋಣೆ. ಅದರಲ್ಲಿ ನಲ್ಲಿಯಿದೆ, ಒಳಗಿನಿಂದ ಹಾಕುವ ಚಿಲಕವಿದೆ. ಹೆಂಗಸರು ಮೈ ತೊಳೆದು, ಬಟ್ಟೆ ಬದಲಿಸಿ ಮನೆಗೆ ಹೋಗಬಹುದು. ಈಗ ಹಾಗೇ ಸೋರುತ್ತಾ ನಡೆದುಹೋಗುತ್ತೇವೆ. ನಾವು ಬಂದೆವೆಂದರೆ ಬೀದಿಯ ಕಿಟಕಿಗಳು ಮುಚ್ಚುತ್ತವೆ.

ಅಂಥದೊಂದು ಕೋಣೆ ಬೇಕೆಂದು ವರ್ಷಗಟ್ಟಲೆ ಗಂಟಲು ಹರಿದುಕೊಂಡವಳು ನಾನು. ಮೇಡಂ ಆರಿಸಿದ್ದು ಓರಗಿತ್ತಿಯನ್ನು. ಯಾಕೆ? ಹಲ್ಲು ಚೆನ್ನಾಗಿವೆ! "ಫೋಟೋಗೆ ನಗುಮುಖ ಬೇಕಲ್ವಾಮ್ಮ?" ಅಂದಳು. ನನ್ನ ಮುಂದಿನ ಹಲ್ಲು ಮೋರಿಯ ಚಪ್ಪಡಿ ಎತ್ತುವಾಗ ಮುರಿದದ್ದು. ದುಡಿದವಳ ಹಲ್ಲು ಹೋಯಿತು, ಹಲ್ಲಿದ್ದವಳಿಗೆ ಕುರ್ಚಿ ಬಂತು.

ವಾರವಿಡೀ ಮನೆಯಲ್ಲಿ ಅವಳದೇ ಆಟ. ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ಕಾಲ ಮೇಲೆ ಕಾಲು ಹಾಕುವುದನ್ನು ಕಲಿತಳು.

"ಅಕ್ಕಾ, ಕಾಲು ಹಿಂಗಿಡ್ಲಾ, ಹಂಗಿಡ್ಲಾ?"

"ತಲೆ ಮೇಲಿಟ್ಕೋ."

ಮೂಲೆಯಲ್ಲಿದ್ದ ಅತ್ತೆ ಕಿಸಕ್ಕನೆ ನಕ್ಕಳು. "ಗಂಡನ್ನ ಬೇಕಾದ್ರೂ ಬಿಟ್ಕೊಟ್ಟಾಳು, ಕುರ್ಚಿ ಬಿಟ್ಕೊಡಲ್ಲ ನನ್ನ ಹಿರೀ ಸೊಸೆ."

ಇವತ್ತು ಬೆಳಿಗ್ಗೆ ಮನೆಯ ನೀರನ್ನೆಲ್ಲ ಓರಗಿತ್ತಿಯೇ ಸುರಿದುಕೊಂಡಳು. ತಿಕ್ಕಿದ ತಿಕ್ಕಿಗೆ ಸೋಪು ಸವೆದು ಎಲೆಯಷ್ಟಾಯಿತು. ನನಗೆ ಉಳಿಸಿದ್ದು ಒಂದು ಚೊಂಬು. ಎಲ್ಲರ ಎದುರಿಗೇ ಇವಳ ಮಾನ ಹೋಗಲಿ ಎಂದು ಮನಸಾರೆ ಶಪಿಸಿಯೇ ನಾನು ಮೋರಿಗಿಳಿದಿದ್ದೆ.

ಒಳಗೆ ಸಹಿಗಳಾದವು. ಕೈ ಕುಲುಕಿದರು. ಫೋಟೋ ಹೊಡೆದರು. ಓರಗಿತ್ತಿ ಮೈಕಿನ ಕಡೆ ಬಾಗಿದಳು. ಅಧ್ಯಕ್ಷ ಅದನ್ನು ತನ್ನತ್ತ ತಿರುಗಿಸಿಕೊಂಡ.

"ಯಾರ್ಡಿನ ಹೊಸ ಕೋಣೇನ ಸಂಸ್ಥೆಯ ಆಫೀಸಿಗೆ ಕೊಡ್ತಾ ಇದ್ದೀವಿ ಅಂತ ಹೇಳೋಕೆ ಸಂತೋಷ ಆಗುತ್ತೆ."

ಚಪ್ಪಾಳೆ ಬಿತ್ತು.

"ಸಾರ್, ಅದು ನಮ್ಮ ನಲ್ಲಿ ಕೋಣೆ..."

"ಅದೆಲ್ಲ ಆಮೇಲೆ ಮಾತಾಡೋಣ." ಮೇಡಂ ಓರಗಿತ್ತಿಯ ಮೊಣಕೈ ಹಿಡಿದು ಎಬ್ಬಿಸಿದಳು. "ಫೋಟೋ ಆಯ್ತಲ್ಲಮ್ಮ. ದೊಡ್ಡ ಸಾಹೇಬ್ರು ಬಂದ್ರು, ಇಳಿ."

ಮೈಕು ಆರಿಸಿರಲಿಲ್ಲ. ಮೋರಿಯವರೆಗೂ ಎಲ್ಲ ಕೇಳಿಸಿತು.

ಜಿಲ್ಲಾಕಚೇರಿಯ ದೊಡ್ಡ ಸಾಹೇಬ ಕುರ್ಚಿಯ ಮುಂದೆ ಬಂದು ನಿಂತ, ಕೂರಲಿಲ್ಲ. ಹಿಂದೆಯೇ ಒಳಗೆ ಬಂದಿದ್ದ ಮೇಸ್ತ್ರಿಯತ್ತ ಒಮ್ಮೆ ನೋಡಿದ. ಮೇಸ್ತ್ರಿ ಓಡಿದ. ಕೆಂಪು ಬಟ್ಟೆ ಕಿತ್ತು ಎಸೆದ. ಒದ್ದೆ ಬಟ್ಟೆಯಲ್ಲಿ ಕುರ್ಚಿಯ ಬೆನ್ನು, ತೋಳು, ಕಾಲು ಒರೆಸಿದ. ಮೂಸಿ ನೋಡಿ ಇನ್ನೊಮ್ಮೆ ಒರೆಸಿದ. ಓರಗಿತ್ತಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದಳು. ಮನೆಯ ನೀರನ್ನೆಲ್ಲ ಸುರಿದುಕೊಂಡು ಬಂದ ಮೈ ಅದು.

ನಾನು ಬೇಡಿಕೊಂಡದ್ದೇ ಆಗಿತ್ತು. ಖುಷಿಯಾಯಿತು, ಒಂದು ಗಳಿಗೆ. ಆಮೇಲೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಅವಳನ್ನು ಬಯ್ಯುವವಳು ನಾನು, ಶಪಿಸುವವಳು ನಾನು. ಆ ಹಕ್ಕನ್ನು ಈ ಬೋಳಿಮಕ್ಕಳಿಗೆ ಕೊಟ್ಟವರು ಯಾರು?

ಮೋರಿಯಿಂದ ಎದ್ದೆ. ಬಾಗಿಲು ದಾಟಿ ಸೀದಾ ನಡೆದೆ. ಹಾಸಿದ ಜಮಖಾನದ ಮೇಲೆ ನನ್ನ ಕಪ್ಪು ಹೆಜ್ಜೆಗಳು ಮೂಡಿದವು.

"ಏ, ಏ! ಎಲ್ಲಿಗೇ ಬರ್ತೀಯ ಹಲ್ಕಾ ಮುಂಡೆ? ಹಿಡೀರೋ ಅವಳನ್ನ!"

ಯಾರೂ ಹಿಡಿಯಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಲ್ಲ! ಸೂಟಿನವರೂ ಸೆಂಟಿನವರೂ ಸರಿದು ದಾರಿ ಬಿಟ್ಟರು. ಒರೆಸಿಟ್ಟ ಕುರ್ಚಿಯಲ್ಲಿ, ಹೂಳು ಸೋರುವ ಬಟ್ಟೆಯಲ್ಲೇ ಕೂತೆ. ಹಿಂದಕ್ಕೆ ಒರಗಿ ಕಾಲ ಮೇಲೆ ಕಾಲು ಹಾಕಿದೆ.

"ಈಗ ಒರೆಸೋ ಮೇಸ್ತ್ರಿ. ಕೋಣೆ ಬೀಗದಕೈ ನಮ್ಮ ಕೈಗೆ ಬರೋವರೆಗೂ ನಾನು ಏಳಲ್ಲ."

"ಅಮ್ಮಾ, ಪ್ಲೀಸ್," ಮೇಡಂ ದೂರದಿಂದಲೇ ಕೈಮುಗಿದಳು. "ನಾವೆಲ್ಲ ಪಾಲುದಾರರಲ್ವಾ?"

"ಹೌದು ತಾಯಿ. ನನ್ನ ಪಾಲು ತಗೊಳ್ಳೋಕೇ ಬಂದೆ."

ನಾತ ತಾಳಲಾರದೆ ಅಧ್ಯಕ್ಷ ಧಡಕ್ಕನೆ ಎದ್ದು, ಪೊಲೀಸರಿಗೆ ಫೋನು ಮಾಡಲು ಪಕ್ಕಕ್ಕೆ ಹೋದ. ಓರಗಿತ್ತಿ ಮೆಟ್ಟಿಲಿನಿಂದ ಮತ್ತೆ ಮೇಲೆ ಬಂದಳು. ನನ್ನ ಮುಖ ನೋಡಿದಳು. ಸೀದಾ ಹೋಗಿ ಅಧ್ಯಕ್ಷನ ಖಾಲಿ ಕುರ್ಚಿಯಲ್ಲಿ ಕೂತುಬಿಟ್ಟಳು.

"ಅಕ್ಕಾ, ಕಾಲು ಸರಿಯಾಗಿದ್ಯಾ?"

ಹೊರಗೆ ಪೊಲೀಸ್ ಜೀಪು ನಿಂತ ಸದ್ದಾಯಿತು. ಬೂಟುಗಳು ಒಳಗೆ ಬರುತ್ತಿದ್ದವು. ನನ್ನ ಕಣ್ಣು ಮಾತ್ರ ಅವಳ ಕುರ್ಚಿಯ ಮೇಲೆಯೇ ಇತ್ತು. ನನ್ನದು ಬರೀ ಹಲಗೆ, ಅವಳದಕ್ಕೆ ಮೆತ್ತೆ ಬೇರೆ. ಮತ್ತೆ ಹೊಟ್ಟೆ ಉರಿಯಿತು.

"ಸರಿಯಾಗಿದೆ," ಅಂದೆ. "ಅಲ್ಲಾಡಬೇಡ."